ಫ್ಯೂಜಿ ಪರ್ವತದ ಆರೋಹಣ: ಸಿದ್ಧತೆಯಿಂದ ಇಳಿದು ಬರುವವರೆಗಿನ ಸಮಗ್ರ ಮಾರ್ಗದರ್ಶಿ

ಟೋಕಿಯೋ ನಗರದಿಂದ ನೈಋತ್ಯಕ್ಕೆ ಸುಮಾರು 100 ಕಿಲೋಮೀಟರ್ ದೂರದಲ್ಲಿ, ಯಮನಾಶಿ ಮತ್ತು ಶಿಜುವೊಕಾ ಪ್ರಾಂತ್ಯಗಳ ಗಡಿಯ ಮೇಲೆ ನಿಂತಿರುವ ಫ್ಯೂಜಿ ಪರ್ವತವು 3,776 ಮೀಟರ್ ಎತ್ತರದ ಜ್ವಾಲಾಮುಖಿ. ಜಪಾನಿನ ಅತಿ ಎತ್ತರದ ಈ ಶಿಖರವನ್ನು ಅಲ್ಲಿನವರು ‘ಫುಜಿ-ಸಾನ್’ ಎನ್ನುತ್ತಾರೆ. ಇಲ್ಲಿನ ‘ಸಾನ್’ ವ್ಯಕ್ತಿಗಳ ಹೆಸರಿಗೆ ಸೇರಿಸುವ ಗೌರವವಾಚಕವೆಂದು ಅನೇಕರು ಭಾವಿಸುತ್ತಾರೆ. ಆದರೆ ಅದು ಪರ್ವತ ಎಂಬ ಅರ್ಥದ ಬೇರೆಯೇ ಪದ. ಪ್ರತಿ ಬೇಸಿಗೆಯ ಎರಡು ತಿಂಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನರು ಈ ಪರ್ವತವನ್ನು ಹತ್ತುತ್ತಾರೆ. ಅವರಲ್ಲಿ ಬಹುಪಾಲು ಜನರು ಪರ್ವತಾರೋಹಣದ ತರಬೇತಿ ಪಡೆದವರಲ್ಲ. ಅದರ ಅಗತ್ಯವೂ ಇಲ್ಲ. ಹಗ್ಗ ಕಟ್ಟಿಕೊಂಡು ಏರಬೇಕಾದ ಬಂಡೆಯಾಗಲಿ, ದಾಟಬೇಕಾದ ಹಿಮನದಿಯಾಗಲಿ ಬೇಸಿಗೆಯ ಫ್ಯೂಜಿಯಲ್ಲಿಲ್ಲ.

ಹಾಗಿದ್ದರೂ ಪ್ರತಿ ವರ್ಷವೂ ಅನೇಕರು ಅರ್ಧ ದಾರಿಯಿಂದ ಹಿಂದಿರುಗುತ್ತಾರೆ, ಕೆಲವರು ರಕ್ಷಣಾ ತಂಡದವರ ನೆರವಿನಿಂದ ಕೆಳಗಿಳಿಯುತ್ತಾರೆ, ಪ್ರಾಣ ಕಳೆದುಕೊಳ್ಳುವವರೂ ಇದ್ದಾರೆ. ಕಾರಣಗಳನ್ನು ನೋಡಿದರೆ ಹೆಚ್ಚಿನವು ಮೂರೇ: ಅವಸರ, ಚಳಿ, ಮತ್ತು ಇಳಿಯುವಾಗ ದಣಿದ ಕಾಲು. ಈ ಮಾರ್ಗದರ್ಶಿಯ ಸಲಹೆಗಳೆಲ್ಲ ಈ ಮೂರರ ಸುತ್ತಲೇ ಇವೆ; ಆದ್ದರಿಂದ ಶಿಖರದ ಸೂರ್ಯೋದಯಕ್ಕಿಂತ ಹೆಚ್ಚು ಜಾಗವನ್ನು ಮಳೆಯ ಬಟ್ಟೆಗೂ ಇಳಿಯುವ ದಾರಿಗೂ ಕೊಟ್ಟಿದ್ದರೆ ಓದುಗರು ಆಶ್ಚರ್ಯಪಡಬೇಕಾಗಿಲ್ಲ.

ಯಾವಾಗ ಹೋಗಬೇಕು

ಅಧಿಕೃತ ಆರೋಹಣದ ಋತು ಬಹಳ ಚಿಕ್ಕದು. ಯಮನಾಶಿ ಕಡೆಯ ಯೊಶಿದಾ ಮಾರ್ಗವು ಸಾಮಾನ್ಯವಾಗಿ ಜುಲೈ 1ಕ್ಕೆ, ಶಿಜುವೊಕಾ ಕಡೆಯ ಉಳಿದ ಮೂರು ಮಾರ್ಗಗಳು ಜುಲೈ 10ಕ್ಕೆ ತೆರೆಯುತ್ತವೆ. ನಾಲ್ಕೂ ಮಾರ್ಗಗಳು ಸೆಪ್ಟೆಂಬರ್ 10ಕ್ಕೆ ಮುಚ್ಚುತ್ತವೆ. ಮೇಲ್ಭಾಗದಲ್ಲಿ ಹಿಮ ಕರಗದೆ ಉಳಿದಿದ್ದರೆ ಆರಂಭದ ದಿನಾಂಕ ಮುಂದಕ್ಕೆ ಹೋಗುವುದುಂಟು. ಋತುವಿನ ಆಚೆಗೆ ದಾರಿಗಳನ್ನು ಕಾನೂನಿನ ಪ್ರಕಾರವೇ ಮುಚ್ಚಿರುತ್ತಾರೆ, ತಂಗುದಾಣಗಳಿಗೆ ಬೀಗ ಬಿದ್ದಿರುತ್ತದೆ, ಶೌಚಾಲಯಗಳಿರುವುದಿಲ್ಲ. ಚಳಿಗಾಲದ ಫ್ಯೂಜಿ ಗಾಜಿನಂತೆ ಗಟ್ಟಿಯಾದ ಮಂಜುಗಡ್ಡೆಯ, ಮನುಷ್ಯನನ್ನು ಎತ್ತಿ ಒಗೆಯಬಲ್ಲ ಗಾಳಿಯ ಪರ್ವತ. ಅದು ನುರಿತ ಪರ್ವತಾರೋಹಿಗಳನ್ನೂ ಬಲಿ ತೆಗೆದುಕೊಂಡಿದೆ. ಮೇ ತಿಂಗಳಲ್ಲಿ ಕೆಳಗಿನಿಂದ ನೋಡಿದಾಗ ಹಿಮ ಕಡಿಮೆಯಾದಂತೆ ಕಾಣುವುದನ್ನು ನಂಬಿ ಹೊರಡಬಾರದು.

ಋತುವಿನ ಒಳಗೂ ಎಲ್ಲ ವಾರಗಳೂ ಒಂದೇ ತೆರನಾಗಿರುವುದಿಲ್ಲ. ಜುಲೈ ಮಧ್ಯಭಾಗದವರೆಗೆ ಜಪಾನಿನ ಮಳೆಗಾಲದ ಬಾಲ ಉಳಿದಿರುತ್ತದೆ. ಜುಲೈ ಕೊನೆಯ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ಹವೆ ಹೆಚ್ಚು ಸ್ಥಿರವಾಗಿರುತ್ತದೆ, ಆದರೆ ಜನಸಂದಣಿಯೂ ಆಗಲೇ ಏರುತ್ತದೆ. ಆಗಸ್ಟ್ ಮಧ್ಯದಲ್ಲಿ ಪೂರ್ವಜರನ್ನು ಸ್ಮರಿಸುವ ಓಬೋನ್ ರಜೆ ಬರುವುದರಿಂದ ದಾರಿಯಲ್ಲಿ ಸಾಲುಗಟ್ಟಿ ನಿಲ್ಲಬೇಕಾಗುತ್ತದೆ. ಆಗಸ್ಟ್ ಕೊನೆಯ ನಂತರ ಜನ ಕಡಿಮೆ, ಚಂಡಮಾರುತಗಳ ಸಾಧ್ಯತೆ ಹೆಚ್ಚು. ಆಯ್ಕೆಯಿದ್ದರೆ ಜುಲೈ ಕೊನೆಯ ಯಾವುದಾದರೂ ಮಂಗಳವಾರ ಅಥವಾ ಬುಧವಾರ ಹೊರಡುವುದು ನನ್ನ ದೃಷ್ಟಿಯಲ್ಲಿ ಉತ್ತಮ. ವಾರಾಂತ್ಯವನ್ನು ತಪ್ಪಿಸಿದರೆ ಅರ್ಧ ತೊಂದರೆ ಅಲ್ಲಿಗೇ ನೀಗುತ್ತದೆ. ಪ್ರವಾಸದ ಯೋಜನೆಯಲ್ಲಿ ಫ್ಯೂಜಿಗೆಂದು ಎರಡು ದಿನಗಳನ್ನು ಇಟ್ಟು, ಅದರ ಹಿಂದೆಯೋ ಮುಂದೆಯೋ ಒಂದು ದಿನವನ್ನು ಖಾಲಿ ಬಿಟ್ಟುಕೊಳ್ಳಿ. ಹವೆ ಕೆಟ್ಟಾಗ ಆ ಖಾಲಿ ದಿನವೇ ಕೈಹಿಡಿಯುತ್ತದೆ.

ನಾಲ್ಕು ದಾರಿಗಳಲ್ಲಿ ಒಂದನ್ನು ಆರಿಸಿಕೊಳ್ಳುವುದು

ಬುಡದಿಂದ ಶಿಖರದವರೆಗಿನ ದಾರಿಯನ್ನು ಸಾಂಪ್ರದಾಯಿಕವಾಗಿ ಹತ್ತು ಘಟ್ಟಗಳಾಗಿ ವಿಂಗಡಿಸಲಾಗಿದೆ. ಜಪಾನಿ ಭಾಷೆಯಲ್ಲಿ ಇವುಗಳಿಗೆ ‘ಗೋಮೆ’ ಎಂದು ಹೆಸರು. ಬಸ್ಸುಗಳು ಐದನೆಯ ಘಟ್ಟದವರೆಗೆ ಹೋಗುವುದರಿಂದ ಈಗ ಬಹುತೇಕ ಎಲ್ಲರೂ ಅಲ್ಲಿಂದಲೇ ನಡಿಗೆ ಆರಂಭಿಸುತ್ತಾರೆ. ಒಂದು ಎಚ್ಚರಿಕೆ: ಘಟ್ಟಗಳ ನಡುವಿನ ಅಂತರ ಸಮಾನವಾಗಿಲ್ಲ, ಒಂದೊಂದು ದಾರಿಯ ಐದನೆಯ ಘಟ್ಟವೂ ಒಂದೊಂದು ಎತ್ತರದಲ್ಲಿದೆ. ಯೊಶಿದಾ ಮಾರ್ಗದ ಎಂಟನೆಯ ಘಟ್ಟವೆಂದರೆ ಒಂದು ಕಟ್ಟಡವಲ್ಲ. ಸುಮಾರು 3,100 ಮೀಟರ್‌ನಿಂದ 3,400 ಮೀಟರ್‌ವರೆಗೆ ಹರಡಿಕೊಂಡಿರುವ ತಂಗುದಾಣಗಳ ಸಾಲು. ಫುಜಿನೊಮಿಯಾ ಮಾರ್ಗದಲ್ಲಿ ಹೊಸ ಏಳನೆಯ ಘಟ್ಟವೊಂದಿದೆ, ಅದನ್ನು ದಾಟಿ ಏದುಸಿರು ಬಿಡುತ್ತ ಹೋದ ಮೇಲೆ ಮೂಲ ಏಳನೆಯ ಘಟ್ಟ ಎದುರಾಗುತ್ತದೆ. ಘಟ್ಟಗಳ ಸಂಖ್ಯೆಯನ್ನು ಲೆಕ್ಕ ಹಾಕುವ ಬದಲು ಫಲಕಗಳಲ್ಲಿ ಬರೆದಿರುವ ಎತ್ತರವನ್ನು ನೋಡುತ್ತ ಹೋದರೆ ನಿರಾಶೆ ಕಡಿಮೆ.

ಯೊಶಿದಾ ಮಾರ್ಗವು 2,305 ಮೀಟರ್ ಎತ್ತರದಲ್ಲಿರುವ ಸುಬಾರು ಲೈನ್ ಐದನೆಯ ಘಟ್ಟದಿಂದ ಆರಂಭವಾಗುತ್ತದೆ. ಹತ್ತಲು ಸುಮಾರು ಆರು ಗಂಟೆ, ಇಳಿಯಲು ನಾಲ್ಕು ಗಂಟೆ ಬೇಕು. ಅತಿ ಹೆಚ್ಚು ತಂಗುದಾಣಗಳು, ಋತುವಿನಲ್ಲಿ ತೆರೆದಿರುವ ಪ್ರಥಮ ಚಿಕಿತ್ಸಾ ಕೇಂದ್ರಗಳು, ಟೋಕಿಯೋದಿಂದ ನೇರ ಬಸ್ಸು ಇವೆಲ್ಲ ಇರುವುದರಿಂದ ಅತಿ ಹೆಚ್ಚು ಜನರೂ ಇಲ್ಲಿಯೇ ಇರುತ್ತಾರೆ. ಹತ್ತುವ ದಾರಿ ಮತ್ತು ಇಳಿಯುವ ದಾರಿ ಬೇರೆಬೇರೆಯಾಗಿವೆ. ಆರನೆಯ ಘಟ್ಟವನ್ನು ದಾಟಿದ ಮೇಲೆ ಬಹುತೇಕ ಎಲ್ಲಿಂದಲಾದರೂ ಸೂರ್ಯೋದಯ ಕಾಣುವುದು ಈ ದಾರಿಯ ದೊಡ್ಡ ಅನುಕೂಲ.

ಫುಜಿನೊಮಿಯಾ ಮಾರ್ಗವು ದಕ್ಷಿಣದ ಕಡೆಯಿಂದ, ಸುಮಾರು 2,400 ಮೀಟರ್ ಎತ್ತರದಿಂದ ಆರಂಭವಾಗುವುದರಿಂದ ನಾಲ್ಕರಲ್ಲಿ ಅತಿ ಚಿಕ್ಕದು. ಹತ್ತಲು ಐದು ಗಂಟೆ, ಇಳಿಯಲು ಮೂರು ಗಂಟೆ ಸಾಕೆಂದು ಲೆಕ್ಕ. ಆದರೆ ಚಿಕ್ಕದು ಎಂದರೆ ಕಡಿದು ಎಂದೂ ಅರ್ಥ. ಬಂಡೆಗಳ ದಾರಿಯಲ್ಲಿ ಹತ್ತುವವರೂ ಇಳಿಯುವವರೂ ಎದುರುಬದುರಾಗುತ್ತಾರೆ, ಮತ್ತು ಬೇಗ ಎತ್ತರಕ್ಕೆ ಹೋಗುವುದರಿಂದ ದೇಹಕ್ಕೆ ಹೊಂದಿಕೊಳ್ಳಲು ಸಮಯ ಸಿಗುವುದಿಲ್ಲ.

ಸುಬಾಶಿರಿ ಮಾರ್ಗವು ಪೂರ್ವದ ಕಡೆಯಿಂದ ಸುಮಾರು 2,000 ಮೀಟರ್ ಎತ್ತರದಲ್ಲಿ, ಕಾಡಿನ ನಡುವೆ ಆರಂಭವಾಗುತ್ತದೆ. ಮೊದಲ ಕೆಲವು ಗಂಟೆ ಮರಗಳ ನೆರಳು ಸಿಗುವುದು ಇದೊಂದೇ ದಾರಿಯಲ್ಲಿ. ಎಂಟನೆಯ ಘಟ್ಟದ ಬಳಿ ಇದು ಯೊಶಿದಾ ಮಾರ್ಗವನ್ನು ಸೇರುವುದರಿಂದ ಮೇಲಿನ ಭಾಗದ ಸಂದಣಿಯನ್ನು ತಪ್ಪಿಸಲಾಗುವುದಿಲ್ಲ. ಹತ್ತಲು ಆರು ಗಂಟೆ, ಇಳಿಯಲು ಮೂರು ಗಂಟೆ.

ಗೊಟೆಂಬಾ ಮಾರ್ಗವು ಸುಮಾರು 1,440 ಮೀಟರ್ ಎತ್ತರದಿಂದಲೇ ಆರಂಭವಾಗುತ್ತದೆ. ಅಂದರೆ 2,300 ಮೀಟರ್‌ಗಳಷ್ಟು ಏರಬೇಕು. ಹತ್ತಲು ಏಳರಿಂದ ಎಂಟು ಗಂಟೆ ಬೇಕು. ಏಳನೆಯ ಘಟ್ಟ ಬರುವವರೆಗೆ ದೀರ್ಘ ದೂರ ತಂಗುದಾಣವಿಲ್ಲ, ನೆರಳಿಲ್ಲ, ಮಂಜು ಮುಸುಕಿದರೆ ದಾರಿಯೂ ಸುಲಭವಾಗಿ ಕಾಣುವುದಿಲ್ಲ. ಏಕಾಂತ ಬೇಕಾದವರಿಗೆ, ದಿನಕ್ಕೆ ಎಂಟು ಗಂಟೆ ನಡೆದು ಅಭ್ಯಾಸವಿರುವವರಿಗೆ ಮಾತ್ರ ಇದು ಸೂಕ್ತ.

ಮೊದಲ ಸಲ ಹೋಗುವವರು ಯೊಶಿದಾ ಮಾರ್ಗವನ್ನು ಆರಿಸುವುದು ಸುರಕ್ಷಿತ. ಸಂದಣಿ ಬೇಸರ ತರುತ್ತದೆ ಎಂಬುದು ನಿಜ. ಆದರೆ ತಲೆ ಸುತ್ತಿ ಕುಳಿತಾಗ ಹತ್ತು ನಿಮಿಷದ ದೂರದಲ್ಲಿ ಒಂದು ಬಾಗಿಲು ಇರುವುದರ ಬೆಲೆ ಆಗ ತಿಳಿಯುತ್ತದೆ. ಸ್ವಲ್ಪ ಅನುಭವವಿರುವವರಿಗೆ ನಾನು ಸುಬಾಶಿರಿಯನ್ನು ಸೂಚಿಸುತ್ತೇನೆ. ಯಾವ ದಾರಿ ಹಿಡಿದರೂ ಅದರ ಬಣ್ಣವನ್ನು ಮನಸ್ಸಿನಲ್ಲಿ ಅಚ್ಚೊತ್ತಿಕೊಳ್ಳಬೇಕು: ಫಲಕಗಳಲ್ಲಿ ಯೊಶಿದಾ ಹಳದಿ, ಸುಬಾಶಿರಿ ಕೆಂಪು, ಗೊಟೆಂಬಾ ಹಸಿರು, ಫುಜಿನೊಮಿಯಾ ನೀಲಿ. ಇಳಿಯುವಾಗ ಈ ಬಣ್ಣಗಳೇ ದಿಕ್ಸೂಚಿ.

ಶುಲ್ಕ, ನೋಂದಣಿ, ತಂಗುದಾಣ

ಹಿಂದೆ ಯಾರು ಬೇಕಾದರೂ ಯಾವ ಹೊತ್ತಿನಲ್ಲಾದರೂ ಹತ್ತಬಹುದಾಗಿತ್ತು. ರಾತ್ರಿಯಿಡೀ ನಿದ್ರೆಯಿಲ್ಲದೆ ಒಂದೇ ಉಸಿರಿಗೆ ಹತ್ತಿ, ಸೂರ್ಯೋದಯ ನೋಡಿ, ಹಾಗೆಯೇ ಇಳಿಯುವ ಪದ್ಧತಿಗೆ ಜಪಾನಿನಲ್ಲಿ ‘ದಾಂಗಾನ್ ತೊಜಾನ್’, ಅಂದರೆ ಗುಂಡಿನ ವೇಗದ ಆರೋಹಣ ಎಂಬ ಹೆಸರೇ ಬಿದ್ದಿತ್ತು. ಅಪಘಾತಗಳೂ ಸಂದಣಿಯೂ ಹೆಚ್ಚಿದ ಕಾರಣ 2024ರಲ್ಲಿ ಯಮನಾಶಿ ಪ್ರಾಂತ್ಯವು ಯೊಶಿದಾ ಮಾರ್ಗದ ಬಾಯಲ್ಲಿ ಗೇಟು ನಿಲ್ಲಿಸಿ, ದಿನಕ್ಕೆ 4,000 ಜನರ ಮಿತಿಯನ್ನೂ 2,000 ಯೆನ್ ಶುಲ್ಕವನ್ನೂ ಜಾರಿಗೆ ತಂದಿತು. 2025ರಿಂದ ನಾಲ್ಕೂ ಮಾರ್ಗಗಳಲ್ಲಿ ತಲಾ 4,000 ಯೆನ್ ಶುಲ್ಕವಿದೆ, ಮತ್ತು ಮಧ್ಯಾಹ್ನ 2 ಗಂಟೆಯಿಂದ ಬೆಳಗಿನ ಜಾವ 3 ಗಂಟೆಯವರೆಗೆ ತಂಗುದಾಣದಲ್ಲಿ ಜಾಗ ಕಾದಿರಿಸದವರನ್ನು ಮೇಲೆ ಬಿಡುವುದಿಲ್ಲ. ಶಿಜುವೊಕಾ ಕಡೆಯ ಮಾರ್ಗಗಳಲ್ಲಿ ಹೋಗುವವರು ಮೊದಲೇ ಆನ್‌ಲೈನ್‌ನಲ್ಲಿ ನಿಯಮಗಳ ಪಾಠವನ್ನು ಮುಗಿಸಿ ನೋಂದಾಯಿಸಿಕೊಳ್ಳಬೇಕು. ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತಿರುವುದರಿಂದ, ಬಸ್ಸಿನ ಟಿಕೆಟು ಕೊಳ್ಳುವ ಮೊದಲು ಫ್ಯೂಜಿ ಆರೋಹಣದ ಅಧಿಕೃತ ಜಾಲತಾಣದಲ್ಲಿ ಆ ವರ್ಷದ ಶುಲ್ಕ, ದಿನಾಂಕ ಮತ್ತು ಗೇಟಿನ ಸಮಯವನ್ನು ನೋಡಿಕೊಳ್ಳಬೇಕು.

ತಂಗುದಾಣವನ್ನು ಕಾದಿರಿಸುವುದೇ ಇಡೀ ಯೋಜನೆಯ ಕೀಲಿ. ವಸಂತಕಾಲದಲ್ಲಿ ಕಾದಿರಿಸುವಿಕೆ ಆರಂಭವಾಗುತ್ತದೆ, ವಾರಾಂತ್ಯದ ಜಾಗಗಳು ಬೇಗನೆ ತುಂಬುತ್ತವೆ. ಊಟ ಸೇರಿ ಒಬ್ಬರಿಗೆ ಒಂದು ರಾತ್ರಿಗೆ ಸಾಮಾನ್ಯವಾಗಿ 10,000ದಿಂದ 15,000 ಯೆನ್ ಆಗುತ್ತದೆ. ಜಾಗ ಆರಿಸುವಾಗ ಶಿಖರಕ್ಕೆ ಹತ್ತಿರವಾದಷ್ಟೂ ಒಳ್ಳೆಯದು ಎಂಬ ಲೆಕ್ಕಾಚಾರವನ್ನು ಬಿಟ್ಟು, 3,000 ಮೀಟರ್ ಆಸುಪಾಸಿನಲ್ಲಿ ಮಲಗುವುದನ್ನು ಯೋಚಿಸಿ. ಇನ್ನೂ ಮೇಲೆ ಮಲಗಿದವರಿಗೆ ತಲೆನೋವಿನಿಂದ ನಿದ್ರೆ ಹತ್ತದಿರುವುದು ಸಾಮಾನ್ಯ. ಐದನೆಯ ಘಟ್ಟದಿಂದ ಮೇಲಕ್ಕೆ ಡೇರೆ ಹಾಕುವುದು, ಬೆಂಕಿ ಹಾಕುವುದು ನಿಷಿದ್ಧವಾದ ಕಾರಣ ತಂಗುದಾಣಕ್ಕೆ ಬದಲಿ ವ್ಯವಸ್ಥೆಯಿಲ್ಲ.

ಏನನ್ನು ಹೊತ್ತುಕೊಂಡು ಹೋಗಬೇಕು

ಎತ್ತರ 100 ಮೀಟರ್ ಏರಿದಂತೆಲ್ಲ ತಾಪಮಾನ ಸುಮಾರು 0.6 ಡಿಗ್ರಿ ಇಳಿಯುತ್ತದೆ. ಟೋಕಿಯೋದಲ್ಲಿ 33 ಡಿಗ್ರಿ ಬೇಗೆಯಿರುವ ದಿನ ಶಿಖರದಲ್ಲಿ ಹತ್ತು ಡಿಗ್ರಿ ಇರಬಹುದು, ಸೂರ್ಯೋದಯಕ್ಕೆ ಮುಂಚೆ ಅದು ಸೊನ್ನೆಯ ಹತ್ತಿರಕ್ಕೆ ಬರಬಹುದು. ಇದರ ಮೇಲೆ ಗಾಳಿ ಸೇರಿದರೆ ದೇಹಕ್ಕೆ ತಾಗುವ ಚಳಿ ಸೊನ್ನೆಗಿಂತ ಕೆಳಗಿನದು. ಬಸ್ಸಿನಿಂದ ಇಳಿಯುವಾಗ ಬೆವರು ಒರೆಸಿಕೊಳ್ಳುತ್ತಿರುವವರಿಗೆ ಇದು ಉತ್ಪ್ರೇಕ್ಷೆಯಂತೆ ಕೇಳಿಸುತ್ತದೆ. ಅರ್ಧ ತೋಳಿನ ಟೀ ಶರ್ಟು ತೊಟ್ಟು ಶಿಖರದಲ್ಲಿ ನಡುಗುತ್ತ ನಿಲ್ಲುವವರು ಹೀಗೆ ಕೇಳಿಸಿಕೊಂಡವರೇ.

ಎಲ್ಲಕ್ಕಿಂತ ಮುಖ್ಯವಾದ ವಸ್ತು ಮೇಲಂಗಿ ಮತ್ತು ಪ್ಯಾಂಟು ಎರಡೂ ಇರುವ, ನೀರು ಒಳಗಿಳಿಯದ ಗಟ್ಟಿ ರೈನ್‌ಕೋಟು. ಫ್ಯೂಜಿಯ ಮಳೆ ಮೇಲಿನಿಂದ ಬೀಳುವುದಕ್ಕಿಂತ ಹೆಚ್ಚಾಗಿ ಪಕ್ಕದಿಂದಲೂ ಕೆಲವೊಮ್ಮೆ ಕೆಳಗಿನಿಂದಲೂ ಬೀಸುತ್ತದೆ; ಕೊಡೆ ಮೊದಲ ಗಾಳಿಗೇ ಮುರಿಯುತ್ತದೆ, ತೆಳು ಪ್ಲಾಸ್ಟಿಕ್ಕಿನ ಹೊದಿಕೆ ಎರಡನೆಯದಕ್ಕೆ ಹರಿಯುತ್ತದೆ. ಮಳೆಗೆ ತೊಯ್ದ ಹತ್ತಿ ಬಟ್ಟೆ ಒಣಗದೆ ಮೈಯ ಶಾಖವನ್ನು ಹೀರುವುದರಿಂದ ಒಳಗೆ ಬೇಗ ಒಣಗುವ ಕೃತಕ ನೂಲಿನ ಅಥವಾ ಉಣ್ಣೆಯ ಬಟ್ಟೆ ಇರಬೇಕು. ಅದರ ಮೇಲೆ ಫ್ಲೀಸ್ ಅಥವಾ ಹಗುರ ಜಾಕೆಟ್, ಕೈಗವಸು, ಕಿವಿ ಮುಚ್ಚುವ ಟೋಪಿ ಇರಲಿ. ಹಗಲಿನ ಬಿಸಿಲೂ ತೀಕ್ಷ್ಣವಾಗಿರುವುದರಿಂದ ಅಂಚಿರುವ ಟೋಪಿ ಮತ್ತು ಸನ್‌ಸ್ಕ್ರೀನ್ ಬೇಕು.

ಕಣಕಾಲನ್ನು ಮುಚ್ಚುವ ಚಾರಣದ ಬೂಟುಗಳನ್ನೇ ಧರಿಸಿ, ಮತ್ತು ಅವುಗಳನ್ನು ಮನೆಯಲ್ಲಿ ಕೆಲವು ವಾರ ಹಾಕಿಕೊಂಡು ನಡೆದು ಪಳಗಿಸಿರಿ. ಫ್ಯೂಜಿಯ ನೆಲ ಕಬ್ಬಿಣದ ಕಿಟ್ಟವನ್ನು ಹೋಲುವ ಒರಟು ಲಾವಾ ಜಲ್ಲಿಯದು. ಅದು ಬೂಟಿನೊಳಗೆ ನುಗ್ಗದಂತೆ ಕಾಲಿಗೆ ಗೈಟರ್, ಅಂದರೆ ಬೂಟಿನ ಬಾಯನ್ನು ಮುಚ್ಚುವ ಹೊದಿಕೆ ಕಟ್ಟಿಕೊಳ್ಳುವುದು ಇಳಿಯುವಾಗ ಬಹಳ ಉಪಯುಕ್ತ. ರಾತ್ರಿ ನಡೆಯಲು ಕೈಯಲ್ಲಿ ಹಿಡಿಯುವ ಟಾರ್ಚಿಗಿಂತ ಹಣೆಗೆ ಕಟ್ಟುವ ಹೆಡ್‌ಲ್ಯಾಂಪ್ ಬೇಕು, ಜೊತೆಗೆ ಹೆಚ್ಚುವರಿ ಬ್ಯಾಟರಿ. ಕಲ್ಲು ಉರುಳುವ ಅಪಾಯವಿರುವುದರಿಂದ ಹೆಲ್ಮೆಟ್ ಧರಿಸಬೇಕೆಂದು ಅಧಿಕಾರಿಗಳು ಸಲಹೆ ಕೊಡುತ್ತಾರೆ. ಇವುಗಳಲ್ಲಿ ಬಹುತೇಕ ಎಲ್ಲವನ್ನೂ ಜಪಾನಿನಲ್ಲಿ ಬಾಡಿಗೆಗೆ ಪಡೆಯಬಹುದು. ಸಾಕಷ್ಟು ಬಟ್ಟೆಯಿಲ್ಲದೆ ಬಂದವರನ್ನು ಯೊಶಿದಾ ಗೇಟಿನ ಸಿಬ್ಬಂದಿ ತಡೆಯಬಹುದೆಂಬುದೂ ನೆನಪಿರಲಿ.

ನೀರು ಒಂದೂವರೆಯಿಂದ ಎರಡು ಲೀಟರ್ ಇರಲಿ. ದಾರಿಯಲ್ಲಿ ಹರಿಯುವ ನೀರಿಲ್ಲ. ತಂಗುದಾಣಗಳಲ್ಲಿ ಬಾಟಲಿ ಸಿಗುತ್ತದೆ, ಆದರೆ ಮೇಲೆ ಹೋದಂತೆಲ್ಲ ಬೆಲೆ ಏರಿ ಸುಮಾರು 500 ಯೆನ್ ಮುಟ್ಟುತ್ತದೆ. ಶೌಚಾಲಯ ಬಳಸಲು ಪ್ರತಿ ಸಲ 200ರಿಂದ 300 ಯೆನ್ ಕೊಡಬೇಕಾದ್ದರಿಂದ 100 ಯೆನ್‌ಗಳ ಇಪ್ಪತ್ತು ನಾಣ್ಯಗಳನ್ನಾದರೂ ಪ್ರತ್ಯೇಕ ಚೀಲದಲ್ಲಿ ಇಟ್ಟುಕೊಳ್ಳುವುದು ಜಾಣತನ. ಪರ್ವತದ ಮೇಲೆ ಎಲ್ಲಿಯೂ ಕಸದ ಡಬ್ಬಿಯಿಲ್ಲ. ತಂದ ಕಸವನ್ನೆಲ್ಲ ಕೆಳಗೆ ಒಯ್ಯಲು ಚೀಲ ಬೇಕು. ಸಸ್ಯಾಹಾರಿಗಳು ತಮ್ಮ ಆಹಾರವನ್ನು ತಾವೇ ಒಯ್ಯುವುದು ಮೇಲು, ಏಕೆಂದರೆ ತಂಗುದಾಣದ ಊಟ ಹೆಚ್ಚಾಗಿ ಮಾಂಸದ ಸಾರು ಬೆರೆತ ಕರಿ-ಅನ್ನವಾಗಿರುತ್ತದೆ.

ಐದನೆಯ ಘಟ್ಟವನ್ನು ತಲುಪುವುದು

ಯೊಶಿದಾ ಮಾರ್ಗಕ್ಕೆ ಟೋಕಿಯೋದ ಶಿಂಜುಕು ಬಸ್ ನಿಲ್ದಾಣದಿಂದ ಋತುವಿನಲ್ಲಿ ನೇರ ಬಸ್ಸುಗಳಿವೆ. ಸುಮಾರು ಎರಡೂವರೆ ಗಂಟೆಯ ಪ್ರಯಾಣ. ಕವಾಗುಚಿಕೊ ರೈಲು ನಿಲ್ದಾಣದಿಂದಲೂ ಬಸ್ಸುಗಳು ಹತ್ತುತ್ತವೆ. ಸುಬಾಶಿರಿ ಮತ್ತು ಗೊಟೆಂಬಾ ಮಾರ್ಗಗಳಿಗೆ ಗೊಟೆಂಬಾ ರೈಲು ನಿಲ್ದಾಣದಿಂದ, ಫುಜಿನೊಮಿಯಾಕ್ಕೆ ಶಿನ್-ಫುಜಿ ಅಥವಾ ಮಿಶಿಮಾ ನಿಲ್ದಾಣದಿಂದ ಬಸ್ಸು ಹಿಡಿಯಬೇಕು. ಋತುವಿನಲ್ಲಿ ಖಾಸಗಿ ಕಾರುಗಳಿಗೆ ಮೇಲಿನ ರಸ್ತೆಗಳಲ್ಲಿ ನಿರ್ಬಂಧವಿರುವುದರಿಂದ ಬಸ್ಸೇ ಸರಳ. ಬೆಳಗಿನ ಬಸ್ಸು ಹಿಡಿದು ಹನ್ನೊಂದು ಗಂಟೆಯೊಳಗೆ ಮೇಲೆ ತಲುಪುವಂತೆ ಯೋಜಿಸಿ.

ಮೊದಲ ದಿನ: ನಿಧಾನವಾಗಿ ಹತ್ತುವುದು

ಬಸ್ಸಿನಿಂದ ಇಳಿದವರು ಮಾಡಬೇಕಾದ ಮೊದಲ ಕೆಲಸ ಏನನ್ನೂ ಮಾಡದಿರುವುದು. ಎರಡೂವರೆ ಗಂಟೆಯಲ್ಲಿ ಸಮುದ್ರಮಟ್ಟದಿಂದ 2,300 ಮೀಟರ್‌ಗೆ ಬಂದ ದೇಹಕ್ಕೆ ಒಂದು ಗಂಟೆಯಾದರೂ ಬಿಡುವು ಕೊಡಬೇಕು. ಆ ಹೊತ್ತಿನಲ್ಲಿ ನೀರು ಕುಡಿಯಿರಿ, ಸ್ವಲ್ಪ ತಿನ್ನಿ, ಬೂಟಿನ ದಾರ ಬಿಗಿಯಿರಿ. ಅಲ್ಲಿನ ಅಂಗಡಿಗಳಲ್ಲಿ ಎಂಟು ಮೂಲೆಯ ಮರದ ಊರುಗೋಲು ಸಿಗುತ್ತದೆ. ಮೇಲಿನ ಒಂದೊಂದು ತಂಗುದಾಣದಲ್ಲಿಯೂ ಕೆಲವು ನೂರು ಯೆನ್ ಕೊಟ್ಟರೆ ಕಾದ ಕಬ್ಬಿಣದಿಂದ ಅದರ ಮೇಲೆ ಮುದ್ರೆ ಒತ್ತುತ್ತಾರೆ. ನೆನಪಿನ ವಸ್ತುವಾಗಿ ಇದು ಸೊಗಸು, ಇಳಿಯುವಾಗ ಆಸರೆಯೂ ಹೌದು. ಆದರೆ ವಿಮಾನದಲ್ಲಿ ತರುವುದು ಹೇಗೆಂದು ಮೊದಲೇ ಯೋಚಿಸಿರಬೇಕು.

ನಡಿಗೆಯ ವೇಗಕ್ಕೆ ಒಂದೇ ಅಳತೆ ಸಾಕು: ಜೊತೆಗಿರುವವರೊಡನೆ ಏದುಸಿರಿಲ್ಲದೆ ಮಾತನಾಡಲು ಆಗಬೇಕು. ಮಾತು ತುಂಡಾಗುತ್ತಿದ್ದರೆ ವೇಗ ಹೆಚ್ಚಾಗಿದೆ ಎಂದೇ ಅರ್ಥ. ಆರನೆಯ ಘಟ್ಟದವರೆಗಿನ ದಾರಿ ಸಪಾಟಾಗಿದ್ದು ಮೋಸಗೊಳಿಸುತ್ತದೆ. ಅಲ್ಲಿ ಓಡಿದವರು ಏಳನೆಯ ಘಟ್ಟದ ಬಂಡೆಗಳ ಮೇಲೆ ಕುಳಿತಿರುವುದನ್ನು ದಾಟುತ್ತ ನೀವು ಹೋಗುತ್ತೀರಿ. ಚಿಕ್ಕ ಹೆಜ್ಜೆಗಳನ್ನಿಡಿ, ಉಸಿರನ್ನು ದೀರ್ಘವಾಗಿ ಹೊರಬಿಡಿ, ಬಾಯಾರಿಕೆಗೆ ಕಾಯದೆ ಆಗಾಗ ಗುಟುಕು ನೀರು ಕುಡಿಯಿರಿ. ಬಂಡೆಯ ಭಾಗಗಳಲ್ಲಿ ದಾರಿಯ ಅಂಚನ್ನು ಸರಪಳಿ ಅಥವಾ ಹಗ್ಗ ಗುರುತಿಸುತ್ತದೆ. ಅವು ಗುರುತಿಗಾಗಿ ಇರುವಂಥವು, ಮೈಭಾರ ಹಾಕಿ ಎಳೆಯಬಾರದು. ಕಾಲಿನಿಂದ ಕಲ್ಲು ಉರುಳಿದರೆ ತಕ್ಷಣ ಕೂಗಿ ಕೆಳಗಿನವರನ್ನು ಎಚ್ಚರಿಸಬೇಕು.

ಶಿಖರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೆಯ ಎರಡು ಭಾಗದಷ್ಟು ಮಾತ್ರ; ಒಂದೊಂದು ಉಸಿರಿನಲ್ಲಿಯೂ ದೇಹಕ್ಕೆ ಸಿಗುವ ಆಮ್ಲಜನಕ ಅಷ್ಟೇ ಕಡಿಮೆ. ತಲೆನೋವು, ವಾಕರಿಕೆ, ಹಸಿವಿಲ್ಲದಿರುವುದು, ಅತಿಯಾದ ದಣಿವು ಎತ್ತರದ ಅಸ್ವಸ್ಥತೆಯ ಆರಂಭದ ಲಕ್ಷಣಗಳು. ಸಣ್ಣ ತಲೆನೋವಾದರೆ ನಿಂತು, ನೀರು ಕುಡಿದು, ಅರ್ಧ ಗಂಟೆ ಕಾದು ನೋಡಬಹುದು. ವಾಂತಿ ಆರಂಭವಾದರೆ, ನಡಿಗೆ ತೂರಾಡಿದರೆ, ಮಾತು ಗೊಂದಲವಾದರೆ ಇಳಿಯುವುದೊಂದೇ ಮದ್ದು. ಎಷ್ಟು ಹೊತ್ತಾಗಿದ್ದರೂ, ಶಿಖರ ಎಷ್ಟು ಹತ್ತಿರವಿದ್ದರೂ ಇಳಿಯಬೇಕು, ಮತ್ತು ಆ ವ್ಯಕ್ತಿಯನ್ನು ಒಂಟಿಯಾಗಿ ಕಳಿಸಬಾರದು. ಅಂಗಡಿಗಳಲ್ಲಿ ಮಾರುವ ಆಮ್ಲಜನಕದ ಚಿಕ್ಕ ಡಬ್ಬಿಗಳು ಕೆಲವು ನಿಮಿಷ ಹಾಯೆನಿಸಬಹುದು, ಆದರೆ ಅವುಗಳನ್ನು ನಂಬಿ ಮೇಲೆ ಹೋಗುವುದು ತಪ್ಪು. ಹೃದಯ ಅಥವಾ ಶ್ವಾಸಕೋಶದ ತೊಂದರೆಯಿರುವವರು ಹೊರಡುವ ಮೊದಲೇ ವೈದ್ಯರನ್ನು ಕೇಳಬೇಕು.

ಮಧ್ಯಾಹ್ನದ ನಂತರ ಗುಡುಗು ಸಿಡಿಲಿನ ಮಳೆ ಬರುವುದು ಬೇಸಿಗೆಯಲ್ಲಿ ಸಾಮಾನ್ಯ. ಮರವೊಂದೂ ಇಲ್ಲದ ಇಳಿಜಾರಿನಲ್ಲಿ ಮನುಷ್ಯನೇ ಎತ್ತರದ ವಸ್ತು. ಗುಡುಗು ಕೇಳಿಸಿದ ಕೂಡಲೇ ಹತ್ತಿರದ ತಂಗುದಾಣವನ್ನು ಸೇರಿ. ತುರ್ತು ಸಂದರ್ಭದಲ್ಲಿ ಪೊಲೀಸರಿಗೆ 110, ಆಂಬುಲೆನ್ಸಿಗೆ 119.

ತಂಗುದಾಣದ ರಾತ್ರಿ ಮತ್ತು ಸೂರ್ಯೋದಯದ ಪ್ರಶ್ನೆ

ತಂಗುದಾಣವನ್ನು ಹೋಟೆಲು ಎಂದು ಕಲ್ಪಿಸಿಕೊಳ್ಳಬಾರದು. ಎರಡು ಅಂತಸ್ತಿನ ಮರದ ಅಟ್ಟಗಳ ಮೇಲೆ ಅಪರಿಚಿತರ ಪಕ್ಕದಲ್ಲಿ, ಒಂದು ಹಾಸಿಗೆಯ ಅಗಲದಲ್ಲಿ ಮಲಗಬೇಕು. ಸ್ನಾನಕ್ಕೆ ಅವಕಾಶವಿಲ್ಲ, ಕೈತೊಳೆಯಲೂ ನೀರು ಸಿಗುವುದು ಕಷ್ಟ. ಸಂಜೆ ನಾಲ್ಕೈದು ಗಂಟೆಗೆ ತಲುಪಿ, ಬೇಗ ಊಟ ಮುಗಿಸಿ, ಎಂಟು ಗಂಟೆಗೆ ದೀಪ ಆರುವಾಗ ಮಲಗಿರಬೇಕು. ಮುಂಜಾನೆಗೆ ಬೇಕಾದ ವಸ್ತುಗಳನ್ನು ಮೊದಲೇ ಹೊರಗೆ ತೆಗೆದಿಟ್ಟುಕೊಳ್ಳಿ. ನಡುರಾತ್ರಿಯಲ್ಲಿ ಪ್ಲಾಸ್ಟಿಕ್ ಚೀಲಗಳನ್ನು ಸರಸರ ಸದ್ದು ಮಾಡುತ್ತ ಹುಡುಕುವವರು ಎಲ್ಲರ ಶಾಪಕ್ಕೂ ಗುರಿಯಾಗುತ್ತಾರೆ. ಕಿವಿಗೆ ಹತ್ತಿ ಇಟ್ಟುಕೊಳ್ಳುವುದು ಒಳ್ಳೆಯದು.

ಶಿಖರದ ಸೂರ್ಯೋದಯವನ್ನು ಜಪಾನೀಯರು ‘ಗೊರೈಕೊ’ ಎಂದು ಭಕ್ತಿಯಿಂದ ಕರೆಯುತ್ತಾರೆ. ಋತುವಿನಲ್ಲಿ ಸೂರ್ಯ ಸುಮಾರು ನಾಲ್ಕೂವರೆಯಿಂದ ಐದು ಗಂಟೆಯ ನಡುವೆ ಮೂಡುತ್ತಾನೆ. ಎಂಟನೆಯ ಘಟ್ಟದ ಕೆಳಭಾಗದಿಂದ ಹೊರಡುವವರು ಅದಕ್ಕಾಗಿ ರಾತ್ರಿ ಒಂದು ಗಂಟೆಗೇ ಏಳಬೇಕು, ಏಕೆಂದರೆ ಆ ಹೊತ್ತಿನಲ್ಲಿ ಯೊಶಿದಾ ಮಾರ್ಗದ ಮೇಲ್ಭಾಗವು ದೀಪಗಳ ಒಂದು ಉದ್ದನೆಯ ಸಾಲಾಗಿ, ಎರಡು ಹೆಜ್ಜೆ ಇಟ್ಟು ಒಂದು ನಿಮಿಷ ನಿಲ್ಲುವಂತೆ ತೆವಳುತ್ತಿರುತ್ತದೆ. ನಿಂತಾಗ ಮೈ ತಣ್ಣಗಾಗುತ್ತದೆ; ಸಂದಣಿಯನ್ನು ಹಿಂದೆ ಹಾಕಲು ದಾರಿಯ ಅಂಚು ಬಿಟ್ಟು ಹತ್ತುವವರು ಕಲ್ಲು ಉರುಳಿಸುತ್ತಾರೆ. ನನ್ನ ಸಲಹೆ ಬೇರೆ: ತಂಗುದಾಣದ ಬಾಗಿಲಲ್ಲೇ ಕಂಬಳಿ ಹೊದ್ದು, ಬಿಸಿ ಚಹಾ ಹಿಡಿದು ಸೂರ್ಯೋದಯ ನೋಡಿ, ತಿಂಡಿ ತಿಂದು, ಬೆಳಕಿನಲ್ಲಿ ಖಾಲಿಯಾದ ದಾರಿಯನ್ನು ಹತ್ತಬಹುದು. ಯೊಶಿದಾ ಮತ್ತು ಸುಬಾಶಿರಿ ಮಾರ್ಗಗಳು ಪೂರ್ವದ ದಿಗಂತಕ್ಕೆ ತೆರೆದುಕೊಂಡಿರುವುದರಿಂದ ಅದೇ ಸೂರ್ಯ, ಅದೇ ಮೋಡಗಳ ಕಡಲು ಅಲ್ಲಿಂದಲೂ ಕಾಣುತ್ತದೆ. ಫುಜಿನೊಮಿಯಾ ಮಾರ್ಗದವರಿಗೆ ಈ ಅನುಕೂಲ ಅಷ್ಟಾಗಿಲ್ಲ.

ಶಿಖರದಲ್ಲಿ

ಕೊನೆಯ ಮೆಟ್ಟಿಲುಗಳನ್ನು ಹತ್ತಿ, ಶಿಲಾಸಿಂಹಗಳು ಕಾಯುವ ‘ತೋರಿ’ ಎಂಬ ದೇಗುಲದ ದ್ವಾರವನ್ನು ದಾಟಿದಾಗ ಬಂದದ್ದು ಕುಳಿಯ ಅಂಚಿಗೆ ಮಾತ್ರ; ಅತಿ ಎತ್ತರದ ಬಿಂದುವಾದ ಕೆಂಗಾಮಿನೆ ಎದುರು ದಡದಲ್ಲಿದೆ. ಕುಳಿಯ ಸುತ್ತ ಒಂದು ಪ್ರದಕ್ಷಿಣೆಗೆ ‘ಒಹಾಚಿ ಮೆಗುರಿ’ ಎಂದು ಹೆಸರು. ಸುಮಾರು ಮೂರು ಕಿಲೋಮೀಟರ್, ಒಂದೂವರೆ ಗಂಟೆಯ ನಡಿಗೆ. ಸುಮಾರು 200 ಮೀಟರ್ ಆಳದ, ಕೆಂಪು ಕಂದು ಗೋಡೆಗಳ ಆ ಬಾಯನ್ನು ನೋಡಿದಾಗಲೇ ಇದು ಬರಿಯ ಬೆಟ್ಟವಲ್ಲ ಎಂಬುದು ಅರಿವಾಗುತ್ತದೆ. ಕೆಂಗಾಮಿನೆಗೆ ಏರುವ ‘ಉಮಾ ನೊ ಸೆ’, ಅಂದರೆ ಕುದುರೆಯ ಬೆನ್ನು ಎಂಬ ಇಳಿಜಾರು ಚಿಕ್ಕದಾದರೂ ಜಾರುತ್ತದೆ. ಅದರ ತುದಿಯಲ್ಲಿ ಹವಾಮಾನ ಕೇಂದ್ರದ ಹಳೆಯ ಕಟ್ಟಡವಿದೆ. ಚಂಡಮಾರುತಗಳನ್ನು ದೂರದಿಂದಲೇ ಕಾಣಲು 1964ರಲ್ಲಿ ಅಲ್ಲಿ ರಾಡಾರ್ ಸ್ಥಾಪಿಸಿದ್ದರು, 1999ರಲ್ಲಿ ಅದರ ಕೆಲಸ ಮುಗಿಯಿತು. ಗಾಳಿ ಜೋರಾಗಿದ್ದರೆ ಪ್ರದಕ್ಷಿಣೆಯನ್ನು ಬಿಟ್ಟುಬಿಡಬೇಕು.

ಎಂಟನೆಯ ಘಟ್ಟದಿಂದ ಮೇಲಿನ ಭಾಗದ ಬಹುಪಾಲು ನೆಲ ಫುಜಿಸಾನ್ ಹೊಂಗು ಸೆಂಗೆನ್ ದೇಗುಲಕ್ಕೆ ಸೇರಿದ್ದು, ಅದರ ಮೇಲಿನ ಗುಡಿ ಫುಜಿನೊಮಿಯಾ ಕಡೆಯ ಶಿಖರದಲ್ಲಿದೆ. ಪರ್ವತದ ಅಧಿದೇವತೆ ಕೊನೊಹನಸಕುಯ-ಹಿಮೆ. ದೇವಿಯ ಪರ್ವತವಾಗಿದ್ದರೂ 1872ರವರೆಗೆ ಹೆಂಗಸರಿಗೆ ಶಿಖರದವರೆಗೆ ಹೋಗಲು ಬಿಡುತ್ತಿರಲಿಲ್ಲ. ಯುನೆಸ್ಕೋ 2013ರಲ್ಲಿ ಫ್ಯೂಜಿಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು ನೈಸರ್ಗಿಕ ತಾಣವಾಗಿ ಅಲ್ಲ, ಸಾಂಸ್ಕೃತಿಕ ತಾಣವಾಗಿ, ಅದರ ಪಾವಿತ್ರ್ಯಕ್ಕೂ ಕಲೆಗೆ ಅದು ಕೊಟ್ಟ ಸ್ಫೂರ್ತಿಗೂ. ಬೇಸಿಗೆಯ ಕೆಲವು ವಾರ ಶಿಖರದಲ್ಲಿ ಅಂಚೆ ಕಚೇರಿಯೂ ತೆರೆದಿರುತ್ತದೆ. ಅಲ್ಲಿಂದ ಒಂದು ಕಾಗದ ಹಾಕಬಹುದು. ಲಾವಾ ಕಲ್ಲನ್ನು ಮಾತ್ರ ನೆನಪಿಗೆಂದು ಜೇಬಿಗೆ ಹಾಕಿಕೊಳ್ಳಬಾರದು, ರಾಷ್ಟ್ರೀಯ ಉದ್ಯಾನದ ಕಾನೂನಿನಲ್ಲಿ ಅದು ನಿಷಿದ್ಧ.

ಫ್ಯೂಜಿ ಕೊನೆಯ ಸಲ ಸ್ಫೋಟಿಸಿದ್ದು 1707ರ ಡಿಸೆಂಬರ್ 16ರಂದು. ಅದಕ್ಕೆ 49 ದಿನ ಮೊದಲು ಭಾರಿ ಭೂಕಂಪವಾಗಿತ್ತು. ಆಗ ಸಿಡಿದದ್ದು ಶಿಖರದ ಬಾಯಲ್ಲ. ಆಗ್ನೇಯದ ಮಗ್ಗುಲು ಸೀಳಿ ಹೊಏ ಎಂಬ ದೊಡ್ಡ ಕುಳಿ ಉಂಟಾಯಿತು, ಬೂದಿ ಈಗಿನ ಟೋಕಿಯೋ ಆದ ಎದೋ ನಗರದವರೆಗೆ ಬಿತ್ತು. ಅಲ್ಲಿಂದೀಚೆಗೆ ಶಾಂತವಾಗಿದ್ದರೂ ಜಪಾನಿನ ಹವಾಮಾನ ಸಂಸ್ಥೆ ಇದನ್ನು ಸತತವಾಗಿ ಗಮನಿಸುತ್ತದೆ. ಹೊರಡುವ ದಿನ ಜ್ವಾಲಾಮುಖಿಯ ಎಚ್ಚರಿಕೆಯ ಮಟ್ಟ ಅತಿ ಕೆಳಗಿನದಾದ 1 ಇದೆಯೇ ಎಂದು ನೋಡಿಕೊಳ್ಳುವುದಕ್ಕೆ ಒಂದು ನಿಮಿಷ ಸಾಕು.

ಇಳಿಯುವುದು

ಶಿಖರ ಮುಟ್ಟಿದವರ ಮನಸ್ಸಿನಲ್ಲಿ ಕೆಲಸ ಮುಗಿದಿರುತ್ತದೆ. ಆದರೆ ಕಾಲಿಗೆ ಇನ್ನೂ 1,400 ಮೀಟರ್‌ಗಳ ಇಳಿಜಾರು ಉಳಿದಿರುತ್ತದೆ. ನಿದ್ರೆಗೆಟ್ಟ ದೇಹ, ಸಡಿಲ ಜಲ್ಲಿ, ನೆತ್ತಿಗೇರುವ ಬಿಸಿಲು ಸೇರಿದಾಗ ಕಾಲು ಜಾರುತ್ತದೆ, ಮಂಡಿ ನೋಯುತ್ತದೆ, ಕಣಕಾಲು ಉಳುಕುತ್ತದೆ. ಆದ್ದರಿಂದ ಇಳಿಯುವ ಮೊದಲು ಶಿಖರದಲ್ಲಿ ಏನಾದರೂ ತಿಂದು, ಶೌಚಾಲಯಕ್ಕೆ ಹೋಗಿ ಬಂದು, ಬೆರಳುಗಳು ಬೂಟಿನ ತುದಿಗೆ ಬಡಿಯದಂತೆ ದಾರಗಳನ್ನು ಬಿಗಿಯಾಗಿ ಕಟ್ಟಿಕೊಳ್ಳಬೇಕು. ಯೊಶಿದಾ ಮಾರ್ಗದ ಇಳಿಯುವ ದಾರಿಯಲ್ಲಿ ಎಂಟನೆಯ ಘಟ್ಟದ ನಂತರ ತಂಗುದಾಣಗಳಿಲ್ಲ, ನೀರೂ ಸಿಗುವುದಿಲ್ಲ.

ದಾರಿ ಅಂಕುಡೊಂಕಾಗಿ ಕೆಂಪು ಜಲ್ಲಿಯ ಮೇಲೆ ಇಳಿಯುತ್ತದೆ. ಹಿಂದಕ್ಕೆ ವಾಲಿ ಹೆದರುತ್ತ ಇಳಿದರೆ ಜಾರುವುದು ಖಂಡಿತ. ಮಂಡಿಯನ್ನು ಸ್ವಲ್ಪ ಬಾಗಿಸಿ, ಮೈಭಾರವನ್ನು ಮುಂದಿನ ಕಾಲಿನ ಮೇಲೆ ಹಾಕಿ, ಚಿಕ್ಕ ಹೆಜ್ಜೆಗಳಲ್ಲಿ ಇಳಿಯಬೇಕು. ಮುಂದಿನವರು ಎಬ್ಬಿಸಿದ ಧೂಳು ಮೂಗು ಬಾಯಿಗೆ ಹೋಗದಂತೆ ಮಾಸ್ಕ್ ಕಟ್ಟಿಕೊಳ್ಳಿ. ಸುಬಾಶಿರಿ ಮತ್ತು ಗೊಟೆಂಬಾ ಮಾರ್ಗಗಳಲ್ಲಿ ‘ಸುನಾಬಾಶಿರಿ’ ಎಂಬ ಬೂದಿ ಮರಳಿನ ನೇರ ಇಳಿಜಾರುಗಳಿವೆ. ಅಲ್ಲಿ ಹಿಮ್ಮಡಿ ಊರಿ ದೊಡ್ಡ ಹೆಜ್ಜೆ ಹಾಕುತ್ತ, ಒಂದೊಂದು ಹೆಜ್ಜೆಗೂ ಒಂದೆರಡು ಮೀಟರ್ ಜಾರುತ್ತ ಇಳಿಯುವುದು ಇಡೀ ಯಾತ್ರೆಯಲ್ಲಿ ನಿಜವಾಗಿಯೂ ಮೋಜಿನ ಭಾಗ. ಮರಳಿನೊಳಗೆ ಹುದುಗಿರುವ ಕಲ್ಲುಗಳ ಮೇಲೆ ಮಾತ್ರ ಕಣ್ಣಿರಲಿ.

ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು ನಡೆಯುವುದು ಎಂಟನೆಯ ಘಟ್ಟದ ಕವಲಿನಲ್ಲಿ. ಅಲ್ಲಿಯವರೆಗೆ ಒಂದೇ ಆಗಿದ್ದ ಯೊಶಿದಾ ಮತ್ತು ಸುಬಾಶಿರಿಯ ಇಳಿಯುವ ದಾರಿಗಳು ಅಲ್ಲಿ ಬೇರೆಯಾಗುತ್ತವೆ. ಮುಂದಿನವರ ಬೆನ್ನನ್ನೇ ನೋಡುತ್ತ ನಡೆಯುವವರು, ಮಂಜಿನಲ್ಲಿ ಫಲಕ ಕಾಣದವರು ಸುಬಾಶಿರಿಯ ಕಡೆಗೆ ಇಳಿದುಬಿಡುತ್ತಾರೆ; ತಪ್ಪು ತಿಳಿಯುವಷ್ಟರಲ್ಲಿ ಅವರು ಬೇರೊಂದು ಪ್ರಾಂತ್ಯದಲ್ಲಿ, ತಮ್ಮ ಬಸ್ಸಿನಿಂದ ಹತ್ತಾರು ಕಿಲೋಮೀಟರ್ ರಸ್ತೆಯ ದೂರದಲ್ಲಿರುತ್ತಾರೆ. ಕವಲಿನಲ್ಲಿ ನಿಂತು, ಹಳದಿ ಫಲಕವನ್ನು ಕಣ್ಣಾರೆ ಕಂಡು, ಜೊತೆಗಿರುವವರೆಲ್ಲ ಬಂದು ಸೇರಿದ ಮೇಲೆಯೇ ಮುಂದುವರಿಯಬೇಕು.

ಹಿಂದಿರುಗುವ ಬಸ್ಸನ್ನು ಕಾದಿರಿಸುವಾಗ ಇಳಿಯಲು ಬೇಕೆಂದು ಬರೆದಿರುವ ಸಮಯಕ್ಕೆ ಎರಡು ಗಂಟೆ ಸೇರಿಸಿ. ಬೆಳಿಗ್ಗೆ ಏಳು ಗಂಟೆಗೆ ಶಿಖರದಿಂದ ಹೊರಟವರಿಗೆ ಮಧ್ಯಾಹ್ನ ಒಂದು ಗಂಟೆಯ ಬಸ್ಸು ಸರಿಯಾಗಿರುತ್ತದೆ. ಬೇಗ ತಲುಪಿದರೆ ಬೂಟಿನಲ್ಲಿ ತುಂಬಿದ ಜಲ್ಲಿಯನ್ನು ಅಲ್ಲಿಯೇ ಕೊಡವಿ, ಬಾಡಿಗೆಯ ಬಟ್ಟೆಗಳ ಧೂಳು ಝಾಡಿಸಿ, ನೆರಳಿನಲ್ಲಿ ಕಾಲು ಚಾಚಿ ಕುಳಿತುಕೊಳ್ಳಬಹುದು. ಟೋಕಿಯೋಗೆ ಅವಸರವಿಲ್ಲದವರು ಕವಾಗುಚಿಕೊದಲ್ಲಿ ಇಳಿದು ಅಲ್ಲಿನ ಬಿಸಿನೀರಿನ ಸಾರ್ವಜನಿಕ ಸ್ನಾನಗೃಹಕ್ಕೆ ಹೋಗುವುದು ವಾಡಿಕೆ. ಬದಲಿ ಬಟ್ಟೆಗಳ ಚೀಲವನ್ನು ಹತ್ತುವ ಮೊದಲೇ ರೈಲು ನಿಲ್ದಾಣದ ಲಾಕರಿನಲ್ಲಿ ಇಟ್ಟಿದ್ದರೆ ಆಗ ಅನುಕೂಲವಾಗುತ್ತದೆ.